ಕೊನೆಯ ನೀರಿನ ರುಚಿ

ಬಿಳುಪಜ್ಜ ಐವತ್ತೆರಡು ವರ್ಷ ಬಗ್ಗಿ ದುಡಿದವನು. ತೊಟ್ಟಿಗೆ ಬಗ್ಗಿದ, ಕಲ್ಲಿಗೆ ಬಗ್ಗಿದ, ಕೊನೆಕೊನೆಗೆ ಯಂತ್ರದ ಬಾಯಿಗೂ ಬಗ್ಗಿದ. ಮನುಷ್ಯರಿಗೆ ಮಾತ್ರ ಬಗ್ಗಿದವನಲ್ಲ. ಅಂಥವನು ಒಂದು ಬೆಳಿಗ್ಗೆ ಆಸ್ಪತ್ರೆಯ ಮರದ ಬೆಂಚಿನ ಮೇಲೆ ಸೊಸೆಯ ಪಕ್ಕದಲ್ಲಿ ಕೂತು, ಈ ನೆಲ ಬಾಯಿಬಿಟ್ಟು ತನ್ನನ್ನು ನುಂಗಬಾರದೇ ಎಂದುಕೊಂಡ. ಹಾಗೇಕಾಯಿತು ಎಂಬುದನ್ನು ಮೊದಲಿನಿಂದ ಹೇಳುವುದೇ ವಾಸಿ.

ಅವನದು ಬಟ್ಟೆ ಒಗೆಯುವ ಕಸುಬು. ಅಪ್ಪನಿಂದ ಕಲಿತದ್ದು. ಅಪ್ಪ ಅಕ್ಷರ ಬಲ್ಲವನಲ್ಲ, ಗಡಿಯಾರ ಕಟ್ಟಿದವನಲ್ಲ. ಬಟ್ಟೆ ಜಾಲಿಸಿದ್ದು ಸಾಕೋ ಸಾಲದೋ ತಿಳಿಯಲು ಅವನಿಗಿದ್ದದ್ದು ನಾಲಿಗೆಯೊಂದೇ. ಕೊನೆಯ ನೀರಿನಿಂದ ಎತ್ತಿದ ಬಟ್ಟೆಯ ಅಂಚನ್ನು ಹಿಂಡಿ ನಾಲಿಗೆಯ ತುದಿಗೆ ಮುಟ್ಟಿಸುತ್ತಿದ್ದ. ಚುರ್ ಎಂದರೆ ಸೋಡಾ ಇನ್ನೂ ನೂಲಿನೊಳಗೆ ಕೂತಿದೆ, ಮತ್ತೆ ನೀರಿಗೆ. ಸಪ್ಪಗಿದ್ದರೆ ಹಗ್ಗಕ್ಕೆ. "ಉಡೋರ ಮೈ ನಿನ್ನ ನಾಲಿಗೆಗಿಂತ ಗಟ್ಟಿ ಅಲ್ಲ ಕಣೋ" ಎನ್ನುತ್ತಿದ್ದ.

ಅದೇ ವಿದ್ಯೆಯನ್ನು ಬಿಳುಪಜ್ಜ ಮೂರು ಲಾಡ್ಜುಗಳ ಹಿಂದಿನ ಬೀದಿಯ ದೊಡ್ಡ ಲಾಂಡ್ರಿಗೂ ತಂದಿದ್ದ. ಒಗೆಯುವ ಕೋಣೆಗೆ ಅವನೇ ಮೇಸ್ತ್ರಿ. ಹಸಿ ಬೆಡ್‌ಶೀಟು ಎತ್ತಿ ನೆಕ್ಕುವುದನ್ನು ಕಂಡು ಹೊಸಬರು ಮುಸಿಮುಸಿ ನಕ್ಕರೆ, "ನಗ್ರೋ ನಗ್ರಿ, ನಿಮ್ಮ ಯಂತ್ರಕ್ಕೆ ನಾಲಿಗೆ ಇದ್ಯೇನು?" ಎಂದು ಗದರುತ್ತಿದ್ದ. ಅವನು ಒಗೆಸಿದ ಬಟ್ಟೆಯ ಬಿಳುಪು ಬೀದಿಯಲ್ಲೆಲ್ಲ ಮಾತಾಗಿ, ಕೂದಲು ನೆರೆಯುವ ಮೊದಲೇ ಬಿಳುಪಜ್ಜ ಎಂಬ ಹೆಸರು ಅವನಿಗೆ ಅಂಟಿಕೊಂಡಿತ್ತು.

ಆಮೇಲೆ ಪರಿಮಳದ ಕಾಲ ಬಂತು. ಲಾಡ್ಜಿನವರಿಗೆ ಬಿಳುಪು ಸಾಲದಾಯಿತು, ಬಾಗಿಲು ತೆಗೆದ ಕೂಡಲೇ ಹಾಸಿಗೆ ಘಮ್ಮೆನ್ನಬೇಕಂತೆ. ನೀಲಿ ಡಬ್ಬಿಯ ಪರಿಮಳದ ದ್ರವ ಬಂತು. ಅದನ್ನು ಹಾಕಿದ ಮೇಲೆ ಜಾಲಿಸಿದರೆ ಘಮ ನೀರುಪಾಲು. ಹಾಗಾಗಿ ಮ್ಯಾನೇಜರು ಕೊನೆಯ ನೀರನ್ನೇ ತೆಗೆದುಹಾಕಿದ. ಬಿಳುಪಜ್ಜ ಒಂದು ವಾರ ಗುರ್ ಎಂದ. ಅಷ್ಟರಲ್ಲಿ ಲಾಡ್ಜಿನ ದೊಡ್ಡ ಯಜಮಾನರು ತಾವೇ ಲಾಂಡ್ರಿಗೆ ಬಂದು, ದಿಂಬಿನ ಚೀಲಕ್ಕೆ ಮೂಗು ಒತ್ತಿ, "ಏನ್ ಕೈ ಅಜ್ಜಾ ನಿಮ್ದು!" ಎಂದುಬಿಟ್ಟರು. ಆ ಒಂದು ಮಾತಿಗೆ ಅವನು ಕರಗಿಹೋದ. ನಾಲಿಗೆಗೆ ಬಟ್ಟೆ ಮುಟ್ಟಿಸುವುದು ಅವತ್ತಿನಿಂದ ತಪ್ಪಿತು. ಯಾರೂ ಬಿಡಿಸಲಿಲ್ಲ, ತಾನಾಗಿಯೇ ಬಿಟ್ಟುಹೋಯಿತು. ಇಸ್ತ್ರಿ ಮೇಜಿನ ಹೆಂಗಸು ತನ್ನ ಒಡೆದ ಅಂಗೈ ತೋರಿಸಿ, "ಅಜ್ಜಾ, ಈ ಹಾಳಾದ್ದು ಬಂದಾಗಿಂದ ಕೈ ಉರಿ ಉರಿ" ಎಂದಾಗ, "ನಿನ್ ಕೈ ಉರಿಯೋದಕ್ಕೆ ನಿನ್ ಬಾಯಿ ಕಾರಣ ಇರ್ಬೇಕು, ಎಣ್ಣೆ ಹಚ್ಕೋ ಹೋಗು" ಎಂದು ನಗೆಯಾಡಿದ್ದ. ಇದು ಎಂಟು ವರ್ಷದ ಹಿಂದಿನ ಮಾತು.

ಮನೆಯಲ್ಲಿ ಅವನು, ಹೆಂಡತಿ, ಲಾರಿ ಓಡಿಸುವ ಮಗ, ಚೀಲ ಹೊಲಿಯುವ ಕಾರ್ಖಾನೆಗೆ ಹೋಗುವ ಸೊಸೆ, ಮೂರೂವರೆ ವರ್ಷದ ಮೊಮ್ಮಗಳು. ಹುಟ್ಟಿದಾಗ ಅಂಗೈಯಗಲ ಇದ್ದಳೆಂದು ಅವಳನ್ನು ಎಲ್ಲರೂ ಕರೆಯುವುದು ಪಿಟ್ಟೆ ಎಂದೇ. ಮಗ ತಿಂಗಳಿಗೆ ಇಪ್ಪತ್ತು ದಿನ ರಸ್ತೆಯ ಮೇಲಿರುವುದರಿಂದ ಮನೆಯ ಮಾತು ಅಜ್ಜನದೇ.

ಒಂದು ಸಲ ಪಿಟ್ಟೆಯ ಮೊಣಕೈ ಮಡಿಕೆಯಲ್ಲಿ ಕೆಂಪಗೆ ಒಂದು ಕಲೆ ಎದ್ದಿತು. ಆಮೇಲೆ ಮಂಡಿಯ ಹಿಂದೆ, ಆಮೇಲೆ ಕುತ್ತಿಗೆಗೆ. ಮಗು ತುರಿಸಿ ತುರಿಸಿ ಚರ್ಮ ಹಳೆಯ ಚಾಪೆಯಂತೆ ಒರಟಾಯಿತು.

ಬಿಳುಪಜ್ಜ ಒಂದು ನೋಟ ನೋಡಿ ತೀರ್ಪು ಕೊಟ್ಟ. "ಇದು ಹೊಟ್ಟೆಯಿಂದ ಬಂದದ್ದು. ನಂಜು. ಕಂಡದ್ದೆಲ್ಲ ತಿನ್ನಿಸ್ತೀಯಲ್ಲ, ಅದಕ್ಕೇ."

"ಏನ್ ತಿನ್ನಿಸ್ದೆ ಮಾವ? ನಾವು ತಿನ್ನೋದನ್ನೇ ತಿಂತಾಳೆ."

"ಮೊಟ್ಟೆ ಕೊಡ್ತೀಯ. ನಿಲ್ಸು."

ಮೊಟ್ಟೆ ನಿಂತಿತು. ಕಲೆ ನಿಲ್ಲಲಿಲ್ಲ. ಕಡಲೆಕಾಯಿ ನಿಂತಿತು. ಹಾಲು ನಿಂತಿತು. ಮೀನು, ಬಾಳೆಹಣ್ಣು, ಸೊಪ್ಪು ಎಲ್ಲ ಒಂದೊಂದಾಗಿ ತಟ್ಟೆಯಿಂದ ಇಳಿದವು. ಕೊನೆಗೆ ಮಗುವಿಗೆ ಉಳಿದದ್ದು ಉಪ್ಪು ಹಾಕಿದ ಗಂಜಿ. ಅಜ್ಜ ಊಟದ ಹೊತ್ತಿಗೆ ಕಾವಲುಗಾರನಂತೆ ಎದುರು ಕೂರುತ್ತಿದ್ದ. "ಪೊಲೀಸ್ ಸ್ಟೇಷನ್ ಆಯ್ತು ಇದು, ಅಡುಗೆಮನೆ ಅಲ್ಲ" ಎಂದು ಹೆಂಡತಿ ಮೂತಿ ತಿರುವಿದರೆ, "ಸುಮ್ನಿರೇ, ನಿನಗೇನ್ ಗೊತ್ತು" ಎನ್ನುತ್ತಿದ್ದ.

ಅಷ್ಟೇ ಆಗಿದ್ದರೂ ಸರಿ. ಅವನು ಇನ್ನೊಂದು ಉಪಕಾರ ಮಾಡಿದ. "ಮನೆ ಬಕೆಟ್ಟಲ್ಲಿ ನೀನು ಕುಕ್ಕೋದು ಒಗೆಯೋದಾ? ಕೊಳೆ ಹೋಗ್ದೆ ತುರಿಕೆ ಜಾಸ್ತಿ ಆಗ್ತಿದೆ" ಎಂದು ಸೊಸೆಯ ಕೈಯಿಂದ ಮಗುವಿನ ಬಟ್ಟೆ ಕಿತ್ತುಕೊಂಡು, ದಿನಾ ಲಾಂಡ್ರಿಗೆ ಒಯ್ಯತೊಡಗಿದ. ಆ ಪುಟ್ಟ ಅಂಗಿಗಳಿಗೆ ಸಾಬೂನು ಪುಡಿ ಎರಡರಷ್ಟು, ಪರಿಮಳ ಎರಡರಷ್ಟು. ಮೊಮ್ಮಗಳಲ್ಲವೇ! ತುರಿಕೆ ಹೆಚ್ಚಿದಷ್ಟೂ ಪುಡಿ ಹೆಚ್ಚಿತು. ಅಂಗಿ ಹೊತ್ತು ಅವನು ಬೀದಿಯಲ್ಲಿ ಬಂದರೆ ಮೂರು ಮನೆಯಾಚೆಗೆ ಘಮ ತಿಳಿಯುತ್ತಿತ್ತು.

ಬೀಗಿತ್ತಿ, ಎಂದರೆ ಸೊಸೆಯ ತಾಯಿ, ಮಗಳನ್ನು ನೋಡಲು ಬಂದ ದಿನವೇ ಅದು ನಡೆಯಿತು. ಎಲ್ಲರೂ ಊಟಕ್ಕೆ ಕೂತಿದ್ದರು. ಕೈ ತೊಳೆಯಲು ಎದ್ದ ಬಿಳುಪಜ್ಜನಿಗೆ ಕಸದ ಬುಟ್ಟಿಯಲ್ಲಿ, ಕಾಗದದಲ್ಲಿ ಸುತ್ತಿ ಅಡಗಿಸಿದ್ದ ಮೊಟ್ಟೆಯ ಚಿಪ್ಪು ಕಂಡಿತು. ಅದನ್ನು ಎರಡು ಬೆರಳಲ್ಲಿ ಎತ್ತಿ ತಂದು ಸೊಸೆಯ ತಟ್ಟೆಯ ಪಕ್ಕ ಇಟ್ಟ.

"ಏನಿದು?"

ಅವಳು ತುತ್ತು ಹಿಡಿದ ಕೈಯನ್ನು ಕೆಳಗಿಳಿಸಿದಳು. "ಅಳ್ತಿದ್ಲು ಮಾವ. ಒಂದೇ ಒಂದು ಬೇಯ್ಸಿ ಕೊಟ್ಟೆ."

"ಇದು ಮೊಟ್ಟೆ ಚಿಪ್ಪಲ್ಲ. ನನ್ನ ಮೊಮ್ಮಗಳ ಚರ್ಮ. ಕದ್ದು ತಿನ್ನಿಸಿ ಕೂಸಿನ ಮೈ ಸುಲೀತಿದ್ದೀಯ, ತಾಯಿ ಅಂತೆ ತಾಯಿ!" ಎಂದ. ಬೀಗಿತ್ತಿಯ ಕಡೆಗೂ ತಿರುಗಿ, "ಚೆನ್ನಾಗಿ ಬೆಳ್ಸಿದ್ದೀರಿ" ಎಂದ.

ಸೊಸೆ ಊಟ ಬಿಟ್ಟು ಎದ್ದಳು. ಬೀಗಿತ್ತಿ ತನ್ನ ತಟ್ಟೆಯ ಅನ್ನವನ್ನೆಲ್ಲ ಮುಗಿಸಿ, ಕೈ ತೊಳೆದು, ಸೆರಗಿನಲ್ಲಿ ಒರೆಸಿಕೊಂಡು ಹೇಳಿದಳು: "ಬೀಗ್ರೇ, ನನ್ನ ಮಗಳೂ ಮೊಮ್ಮಗಳೂ ಸ್ವಲ್ಪ ದಿನ ನಮ್ಮನೇಲಿ ಇರ್ಲಿ. ನಿಮ್ಮ ಮನೇಲಿ ಕಸದ ಬುಟ್ಟಿಗೂ ಕಣ್ಣಿದೆ." ಉಟ್ಟ ಬಟ್ಟೆಯಲ್ಲೇ ಮೂವರೂ ಬಸ್ಸು ಹತ್ತಿದರು.

ಮೂರು ವಾರ ಮನೆ ಭಣಭಣ ಎಂದಿತು. ಹೆಂಡತಿ ಊಟ ಬಡಿಸುವಳು, ಮಾತು ಬಡಿಸಳು. ಕೊನೆಗೆ ಬಿಳುಪಜ್ಜ ಸೋತು, ಮಗುವಿನ ಬಟ್ಟೆಯನ್ನೆಲ್ಲ ಇನ್ನೊಮ್ಮೆ ಘಮಘಮ ಒಗೆಸಿ ಗಂಟು ಕಟ್ಟಿಕೊಂಡು ಬೀಗಿತ್ತಿಯ ಮನೆಗೆ ಹೊರಟ.

ಬಾಗಿಲಲ್ಲೇ "ಅಜ್ಜಾ!" ಎಂದು ಓಡಿಬಂದು ಕಾಲು ತಬ್ಬಿದ ಮಗುವನ್ನು ಕಂಡು ಅವನಿಗೆ ನಂಬಿಕೆಯೇ ಆಗಲಿಲ್ಲ. ಕೆನ್ನೆ ತುಂಬಿದೆ. ಮೊಣಕೈ ಮಡಿಕೆ ಎಳೆಯ ಚಿಗುರಿನಂತೆ ನುಣ್ಣಗಿದೆ. ಬಾಯಿಯ ಅಂಚಿಗೆ ಮೊಟ್ಟೆಯ ಹಳದಿ ಅಂಟಿದೆ.

"ಏನ್ ಔಷಧಿ ಮಾಡಿದ್ರಿ?" ಎಂದ.

"ಔಷಧಿ ಎಲ್ಲಿಂದ ಬಂತು? ನಾವು ತಿಂದದ್ದನ್ನೇ ತಿಂದ್ಲು. ಮೊಟ್ಟೆ, ಹಾಲು, ಸೊಪ್ಪು, ಕುಂಬಳಕಾಯಿ, ಕೈತುಂಬ ಕಡಲೆಕಾಯಿ. ಉಗುರು ಬೆಚ್ಚಗಿನ ನೀರಲ್ಲಿ ಬೇಗ ಸ್ನಾನ, ಮೈ ಒದ್ದೆ ಇರೋವಾಗ್ಲೇ ಒಂದಿಷ್ಟು ಎಣ್ಣೆ. ಇವಳ ಅಣ್ಣನ ಮಗಳ ಹಳೇ ಅಂಗಿ. ಸಾಬೂನು ತೋರ್ಸಿ ಹಿಂಡಿದ್ದು" ಎಂದಳು ಬೀಗಿತ್ತಿ. ಪಕ್ಕಕ್ಕೆ ತಿರುಗಿ, "ಗಂಟಲ್ಲೇನ್ರೀ ಅದು, ಹೂವಿನಂಗಡಿನೇ ಹೊತ್ತು ತಂದಹಾಗಿದೆ!" ಎಂದು ಮೂಗು ಉಜ್ಜಿಕೊಂಡಳು.

ಅಜ್ಜ ತಂದ ಬಟ್ಟೆ ಎಂದು ಪಿಟ್ಟೆ ಕುಣಿದಳು. ಅಂದೇ ಹಳದಿ ಅಂಗಿ ತೊಟ್ಟಳು, ತೊಟ್ಟದ್ದನ್ನು ಬಿಚ್ಚಲು ಒಪ್ಪದೆ ಅದರಲ್ಲೇ ಮಲಗಿದಳು. ಮರುದಿನ ಮಧ್ಯಾಹ್ನಕ್ಕೆ ಕುತ್ತಿಗೆಯ ಸುತ್ತ, ಅಂಗಿಯ ಪಟ್ಟಿ ಕೂತಲ್ಲೆಲ್ಲ, ಕೆಂಪು ಗೆರೆ ಎದ್ದಿತು. ತುರಿಕೆ ಶುರುವಾಯಿತು.

ಸೊಸೆ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಕುತ್ತಿಗೆ ನೋಡಿದಳು. ಅವಳ ಮುಖ ಸಪ್ಪಗಾಯಿತು. "ಮಾವ, ನೀವು ಹೇಳಿದ್ದೇ ನಿಜ ಇರ್ಬೇಕು. ನಿನ್ನೆ ಖುಷೀಲಿ ಎರಡು ಮೊಟ್ಟೆ ಕೊಟ್ಬಿಟ್ಟೆ" ಎಂದಳು.

ಬಿಳುಪಜ್ಜ ಲೆಕ್ಕ ಹಾಕಿದ. ಮೂರು ವಾರ ತಿಂದಾಗ ಏಳದ ಗುಳ್ಳೆ ನಿನ್ನೆಯ ಮೊಟ್ಟೆಗೆ ಏಕೆ ಏಳಬೇಕು? ಅವನು ಎದ್ದು ಹಿತ್ತಲಿಗೆ ಹೋದ. ಬಿಚ್ಚಿ ಹಾಕಿದ್ದ ಹಳದಿ ಅಂಗಿಯನ್ನು ಎತ್ತಿಕೊಂಡು, ಕುತ್ತಿಗೆ ಪಟ್ಟಿಯನ್ನು ನೀರಲ್ಲಿ ಅದ್ದಿ, ಎಂಟು ವರ್ಷದ ಮೇಲೆ ಮೊದಲ ಸಲ ನಾಲಿಗೆಯ ತುದಿಗೆ ಮುಟ್ಟಿಸಿದ.

ಚುರ್ ಎಂದಿತು. ಅಂಥಿಂಥ ಚುರ್ ಅಲ್ಲ, ಇರುವೆ ಕಚ್ಚಿದ ಹಾಗೆ. ಹಿಂದೆಯೇ ಸಾಬೂನಿನ ಕಹಿ, ಪರಿಮಳದ ಒಗರು. ಅಪ್ಪ ಕಂಡಿದ್ದರೆ ಆ ಅಂಗಿಯನ್ನು ಅವನ ಮುಖಕ್ಕೇ ಎಸೆಯುತ್ತಿದ್ದ.

ಆಗಲೇ ಒಳಗೆ ಹೋಗಿ ಹೇಳಬೇಕಿತ್ತು. ಹೆಜ್ಜೆಯನ್ನೂ ಇಟ್ಟ. ಬಾಗಿಲ ಬಳಿ ಬೀಗಿತ್ತಿ ಮೊರದಲ್ಲಿ ಬೇಳೆ ಕೇರುತ್ತ ಕೂತಿದ್ದಳು. ಅವಳ ಕಣ್ಣು ಅವನ ಕಣ್ಣಿಗೆ ಸಿಕ್ಕಿದ್ದೇ ತಡ, ಬಾಯಿಗೆ ಬೀಗ ಬಿತ್ತು. ಇವಳೆದುರು ಚಿಪ್ಪು ಎತ್ತಿ ಹಿಡಿದವನು ಈಗ ಅಂಗಿ ಎತ್ತಿ ಹಿಡಿಯುವುದೇ? ನಾಳೆ ಹೇಳಿದರಾಯಿತು ಎಂದುಕೊಂಡ. ಸೊಸೆ ಅಷ್ಟರಲ್ಲಿ ಕಣ್ಣೊರೆಸಿಕೊಂಡು, "ನಾಳೆ ನಿಮ್ಮ ಜೊತೆ ಬರ್ತೀವಿ ಮಾವ. ಮೊಟ್ಟೆ ಕೊಡಲ್ಲ ಇನ್ಮೇಲೆ. ಹಾಲೂ ಬೇಡ" ಎಂದಳು. ಅವನು ಹೂಂ ಎಂದ. ಆ ಹೂಂ ಒಂದೇ ಅವನ ಜನ್ಮದ ದೊಡ್ಡ ಕೊಳೆ.

ಊರಿಗೆ ಬಂದ ಮೇಲೆ ಅವನು ಕಳ್ಳನಾದ. ಮಗುವಿನ ಬಟ್ಟೆಯನ್ನು ಎಂದಿನಂತೆ ಒಯ್ಯುವನು. ಆದರೆ ಯಂತ್ರದ ಬದಿಗೂ ಹೋಗದೆ ಮೂಲೆಯ ತೊಟ್ಟಿಯಲ್ಲಿ, ವಾಸನೆಯಿಲ್ಲದ ಬಟ್ಟೆ ಸಾಬೂನು ಒಂದಿಷ್ಟೇ ಹಚ್ಚಿ, ನಾಲ್ಕು ನೀರು ಜಾಲಿಸಿ, ಆಚೀಚೆ ನೋಡಿ ನಾಲಿಗೆಗೆ ಮುಟ್ಟಿಸುವನು. ಇಸ್ತ್ರಿ ಮೇಜಿನ ಹೆಂಗಸು ಒಂದು ದಿನ ಕಂಡೇಬಿಟ್ಟಳು.

"ಏನಜ್ಜಾ, ಹಳೇ ಚಟ ಮತ್ತೆ ಶುರುವಾಯ್ತಾ?"

ಅವನ ಕಣ್ಣು ಅವಳ ಅಂಗೈ ಮೇಲೆ ಬಿತ್ತು. ಬೆರಳ ಗೆಣ್ಣುಗಳಲ್ಲಿ ಬಿರುಕು, ಬಿರುಕಿನಲ್ಲಿ ಕೆಂಪು. ಎಂಟು ವರ್ಷ ದಿನಾ ಎದುರಿಗಿದ್ದ ಕೈ. ಅವನು ತಲೆ ತಗ್ಗಿಸಿ ಅಂಗಿ ಹಿಂಡಿದ.

ಎರಡು ವಾರದಲ್ಲಿ ಪಿಟ್ಟೆಯ ಮೈ ತಿಳಿಯಾಯಿತು. ಅಲ್ಲಿಂದ ಅವನಿಗೆ ಶುರುವಾಯಿತು ನಿಜವಾದ ಶಿಕ್ಷೆ. ಮನೆಯವರೆಲ್ಲ ಹೊಗಳತೊಡಗಿದರು. "ಅಪ್ಪ ಹೇಳಿದ್ದೇ ಸರಿ, ಮೊಟ್ಟೆನೇ ಆಗ್ತಿರ್ಲಿಲ್ಲ" ಎಂದು ಮಗ ಫೋನಿನಲ್ಲಿ ಹೇಳಿದ. ಪಕ್ಕದ ಮನೆಯವಳು ತನ್ನ ಕೂಸಿಗೆ ಏನೇನು ಬಿಡಿಸಬೇಕೆಂದು ಕೇಳಲು ಬಂದಳು. ಅವನು ಕಕ್ಕಸಿಗೆ ಹೋಗುವ ನೆಪ ಹೇಳಿ ಅರ್ಧ ಗಂಟೆ ಹೊರಬರಲಿಲ್ಲ. ಒಂದು ಸಂಜೆ ಸೊಸೆಯೇ ಲೋಟದಲ್ಲಿ ಚಹಾ ತಂದಿಟ್ಟು, "ಅವತ್ತು ಅಮ್ಮನ ಮಾತು ಕೇಳಿ ಹೊರಟುಹೋದೆ. ಮನಸ್ಸಲ್ಲಿ ಇಟ್ಕೋಬೇಡಿ ಮಾವ" ಎಂದಳು. ಚಹಾ ಲೋಟದಲ್ಲೇ ಆರಿತು. ಮೈಮೇಲೆ ಕೆಂಡ ಸುರಿದಿದ್ದರೆ ಇಷ್ಟು ಉರಿಯುತ್ತಿರಲಿಲ್ಲ.

ಮತ್ತೆ ಬರೀ ಗಂಜಿಗೆ ಬಿದ್ದ ಮಗು ಮಾತ್ರ ಸೊರಗುತ್ತಿತ್ತು. ತುರಿಕೆಯಿಲ್ಲ, ಆದರೆ ಚರ್ಮಕ್ಕೆ ಹೊಳಪಿಲ್ಲ, ತುಟಿ ಒಡೆದಿದೆ, ಕೂದಲು ಒಣ ಹುಲ್ಲು. ಪಕ್ಕದ ಮನೆಯಲ್ಲಿ ಮೊಟ್ಟೆ ಬೆಂದರೆ ಸಾಕು, ಕಿಟಕಿಗೆ ಮುಖ ಅಂಟಿಸಿ ನಿಲ್ಲುವಳು. "ಅಜ್ಜಾ, ನಾನು ದೊಡ್ಡೋಳಾದ್ಮೇಲೆ ತಿನ್ಬೋದಾ?" ಎಂದು ಕೇಳಿದಳು ಒಮ್ಮೆ. "ತಿನ್ಬೋದು ಮಗಾ" ಎಂದು ಅವಳ ಮುಖ ನೋಡದೆ ಹೇಳಿದ. ಪ್ರತಿ ದಿನವೂ ಇವತ್ತು ಹೇಳುತ್ತೇನೆ ಎಂದು ಏಳುವನು, ಪ್ರತಿ ದಿನವೂ ನುಂಗಿಕೊಂಡು ಮಲಗುವನು. ದಿನ ಕಳೆದಷ್ಟೂ ಹೇಳುವುದು ಕಷ್ಟವಾಯಿತು. ಯಾಕೆಂದರೆ ಈಗ ಎರಡು ತಪ್ಪು ಹೇಳಬೇಕು, ಮಾಡಿದ್ದು ಒಂದು, ಮುಚ್ಚಿಟ್ಟದ್ದು ಇನ್ನೊಂದು.

ಏಳನೆಯ ವಾರ ಮಗುವಿನ ತೂಕ ನೋಡಿಸಲು ಸೊಸೆ ಆಸ್ಪತ್ರೆಗೆ ಹೊರಟಳು. ಮಗುವನ್ನು ಎತ್ತಿಕೊಳ್ಳಲು ಅಜ್ಜನೂ ಜೊತೆಗೆ ಹೋದ. ಡಾಕ್ಟರಮ್ಮ ವಯಸ್ಸಿನಲ್ಲಿ ಚಿಕ್ಕವರು, ಗಂಟಲು ಮಾತ್ರ ದೊಡ್ಡದು. ತೂಕದ ಕಾರ್ಡು ನೋಡಿ ಹುಬ್ಬು ಗಂಟಿಕ್ಕಿದರು.

"ಆರು ತಿಂಗಳಿಂದ ತೂಕ ಏರೇ ಇಲ್ವಲ್ಲಮ್ಮ! ಏನ್ ಕೊಡ್ತಿದ್ದೀರ?"

"ಗಂಜಿ."

"ಮೊಟ್ಟೆ?"

"ಆಗಲ್ಲ ಡಾಕ್ಟ್ರೇ. ಮೈಮೇಲೆ ಏಳತ್ತೆ."

"ಹಾಲು? ಸೊಪ್ಪು? ಕಾಳು? ಹಣ್ಣು?" ಪ್ರತಿಯೊಂದಕ್ಕೂ ಸೊಸೆ ತಲೆ ಅಲ್ಲಾಡಿಸಿದಳು. ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ಕೆಲವು ಮಕ್ಕಳಿಗೆ ಒಂದೊಂದು ಆಹಾರ ಆಗಲ್ಲ, ನಿಜ. ಅದನ್ನ ಪರೀಕ್ಷೆ ಮಾಡಿ ಹೇಳ್ಬೇಕು. ಊಹೆ ಮೇಲೆ ಎಲ್ಲ ಬಿಡ್ಸಿದ್ರೆ ಚರ್ಮ ಏನನ್ನ ತಿಂದು ಬದುಕ್ಬೇಕು? ಅದೂ ಹೊಟ್ಟೆಯಿಂದಲೇ ಬೆಳಿಯೋದು. ಯಾರು ಹೇಳಿದ್ರು ನಿಮಗೆ ಬಿಡ್ಸೋಕೆ?"

ಸೊಸೆ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿದಳು. ಒಮ್ಮೆಯೂ ಮಾವನ ಕಡೆ ನೋಡಲಿಲ್ಲ. "ನಾನೇ ಬಿಡ್ಸಿದೆ ಡಾಕ್ಟ್ರೇ" ಎಂದಳು.

"ನೀವೇ! ತಾಯಿಯಾಗಿ ನೀವೇ?"

ಆಗಲೇ ಅವನು ಆ ನೆಲ ಬಾಯಿಬಿಡಲಿ ಎಂದುಕೊಂಡದ್ದು. ನೆಲ ಬಾಯಿಬಿಡಲಿಲ್ಲ. ಬಾಯಿ ಬಿಡಬೇಕಾದವನು ತಾನೇ ಎಂದು ತಿಳಿಯಿತು.

"ಅವಳಲ್ಲ" ಎಂದ. ಧ್ವನಿ ತನ್ನದೆಂದೇ ಅನ್ನಿಸಲಿಲ್ಲ. "ನಾನು ಬಿಡ್ಸಿದ್ದು. ಮೊಟ್ಟೆಯಿಂದ ಎದ್ದದ್ದೂ ಅಲ್ಲ. ಮೊದಲ ಕಲೆ ಯಾತರದೋ, ಹೆಚ್ಚಿದ್ದು ಮಾತ್ರ ನನ್ನ ಕೈಯಿಂದ. ನಾನು ಒಗೆದ ಅಂಗಿಯಿಂದ."

ಎಲ್ಲ ಹೇಳಿದ. ನೀಲಿ ಡಬ್ಬಿ, ಎರಡರಷ್ಟು ಪುಡಿ, ಬಿಟ್ಟುಹೋದ ಕೊನೆಯ ನೀರು, ಹಿತ್ತಲಿನಲ್ಲಿ ನಾಲಿಗೆಗೆ ಮುಟ್ಟಿಸಿದ್ದು, ಆಮೇಲೆ ಕದ್ದು ಜಾಲಿಸಿದ್ದು. ಹೇಳುವಷ್ಟೂ ಹೊತ್ತು ಪಿಟ್ಟೆಯ ಚಪ್ಪಲಿಯ ಗುಂಡಿಯನ್ನೇ ನೋಡುತ್ತಿದ್ದ. ಡಾಕ್ಟರಮ್ಮ ಕೂಗಾಡಲಿಲ್ಲ. ಮಗುವಿನ ಮೊಣಕೈ ಮಡಿಸಿ ಬಿಡಿಸಿ ನೋಡಿ, ಪರಿಮಳದ ದ್ರವ ಬೇಡ, ಸಾಬೂನು ಕಡಿಮೆ ನೀರು ಜಾಸ್ತಿ ಇರಲಿ, ಬಿಟ್ಟ ಆಹಾರವನ್ನು ಒಂದೊಂದಾಗಿ ಮತ್ತೆ ಕೊಡಿ, ಮುಖ ಊದಿದರೆ, ಮೈಯೆಲ್ಲ ಎದ್ದರೆ ಕೂಡಲೇ ಬನ್ನಿ ಎಂದು ಬರೆದುಕೊಟ್ಟರು. ಕೊನೆಗೆ, "ಅಜ್ಜಾ, ನಾಲಿಗೆಗೆ ಗೊತ್ತಾಗಿದ್ದನ್ನ ಬಾಯಿಗೆ ತರೋಕೆ ಇಷ್ಟು ದಿನ ಬೇಕಾಯ್ತಾ?" ಎಂದರು. ಅದು ಕೂಗಿಗಿಂತ ಹೆಚ್ಚು ತಾಕಿತು.

ಸೊಸೆ ಅವನಿಗಿಂತ ನಾಲ್ಕು ಹೆಜ್ಜೆ ಮುಂದೆಯೇ ನಡೆದಳು. ಬಸ್ ಸ್ಟಾಪಿನ ಕಬ್ಬಿಣದ ಕಂಬದ ಬಳಿ ನಿಂತಾಗ ಕೇಳಿದಳು.

"ಎಷ್ಟು ದಿನದಿಂದ ಗೊತ್ತಿತ್ತು ಮಾವ?"

"ನಿಮ್ಮಮ್ಮನ ಮನೆ ಹಿತ್ತಲಿಂದ. ಏಳು ವಾರ."

"ಏಳು ವಾರ ಇವಳು ನನ್ನ ಸೆರಗು ಹಿಡಿದು ಮೊಟ್ಟೆ ಕೇಳಿದ್ಲು." ಮಗುವನ್ನು ಅವನ ತೋಳಿನಿಂದ ತೆಗೆದುಕೊಂಡಳು. "ನನ್ನ ಕೈಯಡುಗೆ ಬಗ್ಗೆ ನನಗೇ ಹೆದರಿಕೆ ಆಗಿತ್ತು. ಉಪ್ಪು ಹಾಕೋಕೂ ಹಿಂದೆಮುಂದೆ ನೋಡ್ತಿದ್ದೆ. ನೀವು ನೋಡ್ತಾ ಕೂತಿದ್ರಿ."

"ತಪ್ಪಾಯ್ತಮ್ಮ."

"ನನಗೆ ಹೇಳಿ ಏನು? ಅಮ್ಮನ ಮುಂದೆ ಚಿಪ್ಪು ಇಟ್ರಲ್ಲ, ಅಲ್ಲಿ ಹೇಳಿ."

ಬಂದ ಭಾನುವಾರ ಅವನು ಒಬ್ಬನೇ ಬಸ್ಸು ಹತ್ತಿದ. ಬೀಗಿತ್ತಿಯ ಮನೆಯ ಬಾಗಿಲಲ್ಲೇ ನಿಂತು, ಕೂರಿ ಎಂದರೂ ಕೂರದೆ, ಹೇಳಬೇಕಾದ್ದನ್ನು ಹೇಳಿದ. ಬೀಗಿತ್ತಿ ಹೊಸ್ತಿಲವರೆಗೆ ಬಂದಳು.

"ನನ್ನ ಮಗಳು ಅವತ್ತು ತುತ್ತು ಬಿಟ್ಟು ಎದ್ದು ಹೋದ್ಲು. ನೆನಪಿದ್ಯಾ?"

"ಇದೆ."

"ಇರ್ಲಿ. ಮರೀಬೇಡಿ." ಒಂದು ಚೊಂಬು ನೀರು ತಂದುಕೊಟ್ಟಳು. ಅಷ್ಟೇ. ಹೋಗಲಿ ಬಿಡಿ ಎನ್ನಲಿಲ್ಲ, ಅವನೂ ಅದನ್ನು ನಿರೀಕ್ಷಿಸಲಿಲ್ಲ.

ಲಾಂಡ್ರಿಯಲ್ಲಿ ಕೊನೆಯ ನೀರನ್ನು ಮರಳಿ ತರಬೇಕೆಂದು ಮ್ಯಾನೇಜರನ ಬಳಿ ಜಗಳವಾಡಿ ಅರ್ಧ ಗೆದ್ದ. ದಿಂಬಿನ ಚೀಲಕ್ಕೂ ಟವೆಲ್ಲಿಗೂ ಸಿಕ್ಕಿತು, ಬೆಡ್‌ಶೀಟಿಗೆ ಸಿಗಲಿಲ್ಲ. ಇಸ್ತ್ರಿ ಮೇಜಿನ ಹೆಂಗಸಿಗೆ ಹತ್ತಿಯ ಕೈಗವಸು ಹೊಲಿಸಿಕೊಟ್ಟ. "ಎಂಟು ವರ್ಷಕ್ಕೆ ಬುದ್ಧಿ ಬಂತಾ ಅಜ್ಜಾ?" ಎಂದು ನಕ್ಕಳು ಅವಳು. ಅವನಿಗೆ ನಗು ಬರಲಿಲ್ಲ.

ಮನೆಯಲ್ಲಿ ಪಿಟ್ಟೆಗೆ ಮೊದಲು ಮೊಟ್ಟೆ ಬಂತು. ಅವಳು ಅದನ್ನು ಎರಡೂ ಕೈಯಲ್ಲಿ ಹಿಡಿದು, "ನಾನು ದೊಡ್ಡೋಳಾದ್ನಾ?" ಎಂದಳು. ಅಜ್ಜ ಎದ್ದು ಹಿತ್ತಲಿಗೆ ಹೋದ. ಆಮೇಲೆ ಹಾಲು, ಸೊಪ್ಪು, ಹಣ್ಣು, ಕೊನೆಗೆ ಪುಡಿ ಮಾಡಿದ ಕಡಲೆಕಾಯಿ. ಏನೂ ಏಳಲಿಲ್ಲ. ಮಗುವಿನ ಬಟ್ಟೆ ಮತ್ತೆ ಸೊಸೆಯ ಬಕೆಟ್ಟಿಗೆ ಮರಳಿತು. ಕೊಡಿ ಎಂದು ಕೇಳುವ ಮುಖ ಅವನಿಗಿರಲಿಲ್ಲ.

ಒಂದು ಬೆಳಿಗ್ಗೆ ಬಟ್ಟೆ ಕಲ್ಲಿನ ಬಳಿ ಅವಳು ಜಾಲಿಸುತ್ತಿದ್ದಳು. ಅವನು ಹಲ್ಲುಜ್ಜುತ್ತ ದೂರ ನಿಂತಿದ್ದ.

"ಮಾವ, ಇಲ್ಲಿ ಬನ್ನಿ. ಇದು ಸಾಕಾ ನೋಡಿ" ಎಂದು ಹಳದಿ ಅಂಗಿಯ ಕುತ್ತಿಗೆ ಪಟ್ಟಿಯನ್ನು ಹಿಂಡಿ ಚಾಚಿದಳು.

ಅವನು ಬಾಯಿ ತೊಳೆದುಕೊಂಡು ಬಂದು, ಕೈ ಒರೆಸಿ, ಅಂಚನ್ನು ನಾಲಿಗೆಗೆ ಮುಟ್ಟಿಸಿದ. ಕಣ್ಣು ಮುಚ್ಚಿ ಕಾದ. ಚುರ್ ಇಲ್ಲ, ಕಹಿ ಇಲ್ಲ. ನೀರಿನ ರುಚಿ.

"ಸಪ್ಪೆ" ಎಂದ.

ಅವಳು ಅಂಗಿಯನ್ನು ಅವನ ಕೈಯಿಂದ ತೆಗೆದುಕೊಂಡಳು. ಹಗ್ಗಕ್ಕೆ ಹಾಕಲಿಲ್ಲ. ಇನ್ನೊಂದು ಅಂಚನ್ನು ಹಿಂಡಿ, ತನ್ನ ನಾಲಿಗೆಗೂ ಮುಟ್ಟಿಸಿ ನೋಡಿದಳು.

ಅವಳು ನೋಡಿ ಮುಗಿಸುವವರೆಗೆ ಬಿಳುಪಜ್ಜ ಅಲ್ಲೇ, ಕಲ್ಲಿನ ಪಕ್ಕದಲ್ಲಿ, ತಲೆ ತಗ್ಗಿಸಿಕೊಂಡು ನಿಂತಿದ್ದ.